ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಮಕ್ಕಳಿಗೆ ನಾಲ್ಕು-ನಾಲ್ಕರ ಫುಟ್‌ಬಾಲ್ ಆಡಿಸುವುದು ಹೇಗೆ?

ನಮ್ಮಲ್ಲಿ ಆಡಲು ಬರುತ್ತಿದ್ದ ಒಬ್ಬ ಹುಡುಗನಿದ್ದ. ಹನ್ನೊಂದು ವರ್ಷ, ಸಣಕಲು ಕಾಲು. ದಿನಾ ಎಲ್ಲರಿಗಿಂತ ಮೊದಲು ಬಂದು ಬೂಟಿನ ಲೇಸು ಬಿಗಿದು ಕೂರುತ್ತಿದ್ದ. ಆಗೆಲ್ಲ ನಾನು ಬಂದ ಮಕ್ಕಳನ್ನು ಎರಡು ಪಾಲು ಮಾಡಿ, ಇಡೀ ಮೈದಾನದಲ್ಲಿ ಹನ್ನೊಂದು-ಹನ್ನೊಂದು ಆಡಿಸುತ್ತಿದ್ದೆ. ಇವನಿಗೆ ಬಲಬದಿಯ ವಿಂಗ್, ಅಂದರೆ ಮೈದಾನದ ಬಲ ಅಂಚಿನ ಜಾಗ. ಒಂದು ಸಂಜೆ ಕರೆದುಕೊಂಡು ಹೋಗಲು ಬಂದ ಅವನ ಅಮ್ಮ, "ಸರ್, ನಮ್ಮ ಹುಡ್ಗ ಆಡ್ತಾನೋ, ಸುಮ್ನೆ ನಿಂತೇ ಇರ್ತಾನೋ?" ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೇಳಲು ಆಗಲಿಲ್ಲ.

ಮರುದಿನ ಎಡ ಜೇಬಿನಲ್ಲಿ 30 ಹುಣಸೆ ಬೀಜ ಹಾಕಿಕೊಂಡು ಹೋದೆ. ಅವನಿಗೆ ಚೆಂಡು ಸಿಕ್ಕಾಗಲೆಲ್ಲ ಒಂದು ಬೀಜ ಬಲ ಜೇಬಿಗೆ. 40 ನಿಮಿಷದ ಆಟ ಮುಗಿದಾಗ ಬಲ ಜೇಬಿನಲ್ಲಿ ಇದ್ದದ್ದು 7 ಬೀಜ. ಅದರಲ್ಲಿ ಎರಡು ಥ್ರೋ-ಇನ್.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೇವಲ್ಲ, ಆ ಹುಡುಗನನ್ನು ನಾನೇ ಹಾಗೆ ಮಾಡಿಟ್ಟಿದ್ದೆ. 22 ಮಕ್ಕಳ ನಡುವೆ ಒಂದೇ ಚೆಂಡು ಬಿಟ್ಟರೆ ಇನ್ನೇನಾಗುತ್ತದೆ? ಮುಂದಿನ ವಾರ ಅದೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮೂರು ಚಿಕ್ಕ ಅಂಗಳ ಮಾಡಿದೆ. ಎರಡರಲ್ಲಿ 4-4 (ತಂಡಕ್ಕೆ ನಾಲ್ವರು), ಒಂದರಲ್ಲಿ 3-3. ಮೂರು ಚೆಂಡು. ಬೀಜಗಳನ್ನು ಮತ್ತೆ ಎಡ ಜೇಬಿಗೆ ಹಾಕಿಕೊಂಡೆ. ನಾಲ್ಕು ನಿಮಿಷದ ಮೂರನೇ ಸುತ್ತು ಮುಗಿಯುವ ಮೊದಲೇ ಎಡ ಜೇಬು ಖಾಲಿ.

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಶಾಲೆಯ ಅಂಗಳದಲ್ಲೋ ಸಮುದ್ರದ ದಂಡೆಯಲ್ಲೋ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ಪಿ.ಟಿ. ಮಾಸ್ತರರು, ಟೀಚರುಗಳು, ಊರಿನ ತಂಡದ ಹಿರಿಯ ಆಟಗಾರರು ಎಷ್ಟೋ ಜನ ಇದ್ದಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ದೊಡ್ಡ ಖರ್ಚು ಏನೂ ಇಲ್ಲ. ನಾಲ್ಕಾರು ಚೆಂಡು, ಒಂದಿಷ್ಟು ಕೋನ್, ಎರಡು ಬಣ್ಣದ ಹಳೇ ಟೀ ಶರ್ಟು ಇದ್ದರೆ ನಾಳೆ ಸಂಜೆಯೇ ಶುರು ಮಾಡಬಹುದು.

ಸಣ್ಣ ಆಟ ಅಂದರೆ

ಕೋಚ್‌ಗಳು ಇದನ್ನು ಸ್ಮಾಲ್ ಸೈಡೆಡ್ ಗೇಮ್ ಎನ್ನುತ್ತಾರೆ. ನಾನು ಸಣ್ಣ ಆಟ ಎನ್ನುತ್ತೇನೆ. ಕಡಿಮೆ ಜನ, ಕಡಿಮೆ ಜಾಗ, ಆದರೆ ಆಟ ಮಾತ್ರ ಪೂರ್ತಿ ಆಟವೇ. ಎದುರಾಳಿ ಇರಬೇಕು, ಗೋಲು ಇರಬೇಕು, ಸೋಲು-ಗೆಲುವು ಇರಬೇಕು. ಸಾಲಾಗಿ ನಿಂತು ಒಬ್ಬೊಬ್ಬರೇ ಕೋನ್ ಸುತ್ತ ಚೆಂಡು ಓಡಿಸುವುದು ಸಣ್ಣ ಆಟವಲ್ಲ. ಅದರಿಂದ ಕಾಲು ಪಳಗುತ್ತದೆ, ನಿಜ. ಆದರೆ ಕೋನ್ ಎದ್ದು ಬಂದು ಚೆಂಡು ಕಸಿಯುವುದಿಲ್ಲ. ಯಾವಾಗ ಪಾಸ್ ಕೊಡಬೇಕು, ಯಾವಾಗ ತಾನೇ ಮುನ್ನುಗ್ಗಬೇಕು ಎಂಬುದನ್ನು ಕೋನ್ ಕಲಿಸುವುದಿಲ್ಲ.

ಇದು ಬಡ ಮೈದಾನದವರ ಅಡ್ಜಸ್ಟ್‌ಮೆಂಟ್ ಎಂದು ತಿಳಿಯಬೇಡಿ. ಉರುಗ್ವೆಯ ಮಾಂಟೆವಿಡಿಯೊದಲ್ಲಿ 1930ರಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ವೈಎಂಸಿಎ ಹುಡುಗರಿಗಾಗಿ ಐದು-ಐದು ಜನರ ಒಳಾಂಗಣ ಆಟ ಕಟ್ಟಿದರು. ಅದೇ ಬೆಳೆದು ಇವತ್ತಿನ ಫುಟ್ಸಾಲ್ ಆಯಿತು. ಇಂಗ್ಲೆಂಡಿನಲ್ಲಿ ಎಂಟರೊಳಗಿನವರಿಗೆ 5-5, ಹತ್ತರೊಳಗಿನವರಿಗೆ 7-7, ಹನ್ನೆರಡರೊಳಗಿನವರಿಗೆ 9-9, ಆಮೇಲಷ್ಟೇ 11-11 ಎಂಬ ಏಣಿ ಹಲವು ವರ್ಷ ನಡೆದುಬಂತು. ಜರ್ಮನಿಯಲ್ಲಿ 2024-25ರ ಸಾಲಿನಿಂದ ಪುಟ್ಟ ಮಕ್ಕಳಿಗೆ ಚಿಕ್ಕ ಗೋಲುಗಳ ಸಣ್ಣ ಆಟವನ್ನೇ ಕಡ್ಡಾಯ ಮಾಡಿದ್ದಾರೆ. ಹೋರ್ಸ್ಟ್ ವೈನ್ ಎಂಬ ಜರ್ಮನ್ ಕೋಚ್ ಹಬ್ಬಿಸಿದ, ನಾಲ್ಕು ಗೋಲಿನ 3-3ರ ಆಟ ಇದರ ಹಿಂದೆ ಇದೆ. ಆತ ಮೂಲತಃ ಹಾಕಿ ಕೋಚ್.

ನಾನು 4-4ರಿಂದ ಶುರು ಮಾಡಿ ಎನ್ನುವುದಕ್ಕೆ ಒಂದು ಕಾರಣ ಇದೆ. ನಾಲ್ವರಿದ್ದರೆ ಹಿಂದೊಬ್ಬ, ಮುಂದೊಬ್ಬ, ಎಡಕ್ಕೊಬ್ಬ, ಬಲಕ್ಕೊಬ್ಬ. ಗಾಳಿಪಟದ ಆಕಾರ. ಚೆಂಡು ಹಿಂದಿನವನ ಕಾಲಲ್ಲಿದ್ದರೆ ಅವನಿಗೆ ಎಡ, ಬಲ, ನೇರ ಮೂರೂ ದಾರಿ ಉಂಟು. ದೊಡ್ಡ ಆಟದಲ್ಲಿ ಬೇಕಾದ ಅಗಲ, ಉದ್ದ, ಬೆಂಬಲ ಎಲ್ಲವೂ ಈ ನಾಲ್ವರಲ್ಲೇ ಸಿಗುತ್ತದೆ. ಮೂವರಾದರೆ ಒಂದು ದಿಕ್ಕು ತಪ್ಪಿತು. ಆರು-ಏಳು ಜನವಾದರೆ ಮೆಲ್ಲಗೆ ಅಡಗಿಕೊಳ್ಳಲು ಒಬ್ಬನಿಗಾದರೂ ಜಾಗ ಸಿಕ್ಕಿಬಿಡುತ್ತದೆ. ಹಾಲೆಂಡಿನವರು 4-4ನ್ನೇ ಮಕ್ಕಳ ಕಲಿಕೆಯ ಬುನಾದಿ ಮಾಡಿಕೊಂಡದ್ದೂ ಇದಕ್ಕೇ.

ಮೊದಲು: ಇವತ್ತಿನ ಪಾಠ ಯಾವುದು?

ಇದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಒಂದು ಸಂಜೆಗೆ ಒಂದೇ ಪಾಠ. ಅದನ್ನು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. "ಚೆಂಡು ಬರುವ ಮೊದಲೇ ಹಿಂದೆ ತಿರುಗಿ ನೋಡಬೇಕು." "ಕಳೆದುಕೊಂಡ ಚೆಂಡನ್ನು ಕೂಡಲೇ ಕಸಿಯಲು ಹೋಗಬೇಕು." "ಒಂದು ಬದಿ ಜನ ತುಂಬಿದ್ದರೆ ಇನ್ನೊಂದು ಬದಿಗೆ ತಿರುಗಿಸಬೇಕು." ಇಷ್ಟೇ. ಒಂದು ಸಾಲಿನಲ್ಲಿ ಬರೆಯಲು ಬರದಿದ್ದರೆ ಪಾಠ ನಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ಪಾಠ ಎಲ್ಲಿಂದ ತರಬೇಕು? ಕಳೆದ ಭಾನುವಾರದ ಪಂದ್ಯದಿಂದ. ಮಕ್ಕಳು ಎಲ್ಲಿ ಎಡವಿದರೋ ಅದೇ ಈ ವಾರದ ಪಾಠ.

ಇನ್ನು ಮುಂದೆ ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ಮಕ್ಕಳಿಗೆ ಬಾಯಲ್ಲಿ ಕೂಗಿ ಹೇಳಬೇಕು ಅಂದುಕೊಂಡಿದ್ದನ್ನು ಅಂಗಳದ ಅಳತೆಯಲ್ಲಿ, ಜನರ ಲೆಕ್ಕದಲ್ಲಿ, ಆಟದ ನಿಯಮದಲ್ಲಿ ಇಟ್ಟುಬಿಡಿ. ನೀವು ಹೇಳಿದ್ದನ್ನು ಮಗು ಮರೆಯುತ್ತದೆ. ಅಂಗಳವೇ ಒತ್ತಾಯ ಮಾಡಿ ಕಲಿಸಿದ್ದನ್ನು ಮರೆಯುವುದಿಲ್ಲ.

ಆಮೇಲೆ: ಜಾಗ ಅಳೆಯಿರಿ

ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಅರ್ಧ ಇಲ್ಲೇ ಇದೆ. ಆದರೆ ಹೆಚ್ಚಿನವರು ಕಣ್ಣಂದಾಜಿನಲ್ಲಿ ನಾಲ್ಕು ಕೋನ್ ಇಟ್ಟು ಸುಮ್ಮನಾಗುತ್ತಾರೆ.

ಪೂರ್ತಿ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ ಇದ್ದರೆ ಒಟ್ಟು 7,140 ಚದರ ಮೀಟರ್. 22 ಜನರಿಗೆ ಹಂಚಿದರೆ ತಲಾ ಸುಮಾರು 325. ಈಗ 4-4ಕ್ಕೆ 30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ ಹಾಕಿ. 600 ಚದರ ಮೀಟರ್, ಎಂಟು ಜನ, ತಲಾ 75. ದೊಡ್ಡ ಆಟದಲ್ಲಿ ಸಿಗುವುದರ ಕಾಲು ಭಾಗಕ್ಕಿಂತ ಕಡಿಮೆ. ಚೆಂಡು ತೆಗೆದುಕೊಂಡ ಕೂಡಲೇ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಅದೇ ಎಂಟು ಜನರಿಗೆ 40 ಉದ್ದ, 30 ಅಗಲ ಕೊಟ್ಟರೆ ತಲಾ 150. ಈಗ ತಲೆ ಎತ್ತಿ ನೋಡಲು ಹೊತ್ತು ಸಿಗುತ್ತದೆ, ಆದರೆ ಓಟ ಜಾಸ್ತಿ.

ಅಂದರೆ ಅಂಗಳ ಚಿಕ್ಕದಾದಷ್ಟೂ ಚುರುಕು ನಿರ್ಧಾರ, ಚೆಂಡಿನ ಮೇಲೆ ಹಿಡಿತ, ಮೈಗೆ ಮೈ ತಾಗುವ ಪೈಪೋಟಿ. ದೊಡ್ಡದಾದಷ್ಟೂ ಓಟ ಮತ್ತು ಉದ್ದ ಪಾಸ್. ಆಟಗಾರರ ಎದೆಬಡಿತ ಅಳೆದು ನೋಡಿದ ಸಂಶೋಧಕರಿಗೂ ಮತ್ತೆ ಮತ್ತೆ ಕಂಡದ್ದು ಇದೇ. ಜನ ಕಡಿಮೆಯಾಗಿ ತಲಾ ಜಾಗ ಜಾಸ್ತಿಯಾದರೆ ದಣಿವು ಏರುತ್ತದೆ. ಇನ್ನೊಂದು ವಿಷಯವೂ ಗೊತ್ತಿರಲಿ. ಚಿಕ್ಕ ಅಂಗಳದಲ್ಲಿ ಎಷ್ಟೇ ಬೆವರು ಹರಿಸಿದರೂ ಪೂರ್ತಿ ವೇಗದ ಓಟ ಬರುವುದಿಲ್ಲ. ವೇಗ ಏರುವಷ್ಟರಲ್ಲಿ ಗೆರೆ ಬಂದುಬಿಡುತ್ತದೆ. ಹಾಗಾಗಿ ಆ ಓಟವನ್ನು ಬೇರೆಯಾಗಿ ಓಡಿಸಲೇಬೇಕು.

ಆಕಾರವೂ ಪಾಠ ಹೇಳುತ್ತದೆ. ಉದ್ದ ಕಡಿಮೆ, ಅಗಲ ಜಾಸ್ತಿ ಇಟ್ಟರೆ ಮಕ್ಕಳು ತಾವಾಗಿ ಬದಿ ಬದಲಿಸುತ್ತಾರೆ. ಕೊಟ್ಟಿಗೆಯ ಹಾಗೆ ಉದ್ದ ಮತ್ತು ಕಿರಿದು ಮಾಡಿದರೆ ಮುಂದಕ್ಕೆ ಪಾಸ್ ಕೊಡದೆ ಗತಿಯಿಲ್ಲ.

ಟೇಪ್ ಬೇಡ. ದೊಡ್ಡವರ ಒಂದು ದಾಪುಗಾಲು ಹೆಚ್ಚುಕಡಿಮೆ ಒಂದು ಮೀಟರ್. ಒಮ್ಮೆ ಮನೆಯ ಅಂಗಳದಲ್ಲಿ ನಿಮ್ಮ ದಾಪುಗಾಲು ಅಳೆದು ನೋಡಿಕೊಳ್ಳಿ, ಆಮೇಲೆ ಜೀವಮಾನಕ್ಕೆ ಸಾಕು. ಕೋನ್ ಇಲ್ಲದಿದ್ದರೆ ತೆಂಗಿನಕಾಯಿ ಸಿಪ್ಪೆ ಇಡಿ, ನಮ್ಮ ಕಡೆ ಅದಕ್ಕೇನು ಬರ? ಚಪ್ಪಲಿ ಗೋಲು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಕೆಂಪು ಕಲ್ಲು, ಇಟ್ಟಿಗೆ ಮಾತ್ರ ಗೋಲಿಗೆ ಇಡಬೇಡಿ. ಚೆಂಡಿನ ಮೇಲೆ ಕಣ್ಣಿಟ್ಟು ಓಡುವ ಮಗು ಅದರ ಮೇಲೇ ಬೀಳುತ್ತದೆ.

ಜನ ಹಂಚುವುದು

ಎಂಟು, ಹನ್ನೆರಡು, ಹದಿನಾರು ಬಂದರೆ ಲೆಕ್ಕ ಸರಿ. ಒಂಬತ್ತು ಜನ ಬಂದರೆ? ಒಬ್ಬನನ್ನು ಬದಿಗೆ ಕೂರಿಸಬೇಡಿ. ಅವನನ್ನು ಜೋಕರ್ ಮಾಡಿ. ಅವನ ಮೈಮೇಲೆ ಬೇರೆ ಬಣ್ಣದ ಶರ್ಟು. ಚೆಂಡು ಯಾರ ಬಳಿ ಇದೆಯೋ ಅವನು ಅವರ ಕಡೆ. ಆಗ ದಾಳಿ ಮಾಡುವವರು ಯಾವಾಗಲೂ ಐವರು, ಕಾಯುವವರು ನಾಲ್ವರು. ಪಾಸ್ ಕಲಿಸುವ ದಿನ ನಾನು ಲೆಕ್ಕ ಸರಿಯಿದ್ದರೂ ಬೇಕೆಂದೇ ಜೋಕರ್ ಇಡುತ್ತೇನೆ. ಹೊಸದಾಗಿ ಬಂದ, ಇನ್ನೂ ಅಳುಕುವ ಮಗುವಿಗೆ ಈ ಕೆಲಸ ಕೊಟ್ಟು ನೋಡಿ. ಎರಡೂ ತಂಡದವರು ಅವನ ಹೆಸರು ಹಿಡಿದು ಕೂಗುತ್ತಾರೆ. ಎರಡೇ ದಿನದಲ್ಲಿ ಎಲ್ಲರಿಗೂ ಅವನ ಹೆಸರು ಗೊತ್ತಾಗಿರುತ್ತದೆ.

ತಂಡ ಆರಿಸಲು ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆಸಬೇಡಿ. ಕೊನೆಗೆ ಉಳಿದ ಮಗುವಿನ ಮುಖ ನೋಡಲು ಆಗುವುದಿಲ್ಲ. ಮನೆಯಲ್ಲೇ ತಂಡ ಬರೆದುಕೊಂಡು ಬನ್ನಿ. ಹುಡುಗಿಯರು, ಹುಡುಗರು ಒಟ್ಟಿಗೇ ಆಡಲಿ. ವಯಸ್ಸಿಗಿಂತ ಮೈಕಟ್ಟು ನೋಡಿ ಹಂಚಿ. ಹದಿಮೂರರ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಪುಟ್ಟ ಮಗುವೇ.

ಹನ್ನೆರಡರೊಳಗಿನವರಿಗೆ 4ನೇ ಸೈಜಿನ ಚೆಂಡು ಸಾಕು. ದೊಡ್ಡವರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಮಳೆಯಲ್ಲಿ ನೆಂದರೆ ಇನ್ನೂ ಭಾರ.

ಒಂದು ನಿಯಮ, ಒಂದೇ ನಿಯಮ

ಈಗ ಪಾಠವನ್ನು ನಿಯಮದೊಳಗೆ ಇಡುವ ಕೆಲಸ. ನನಗೆ ಬಹಳ ಪ್ರೀತಿಯದು ನಾಲ್ಕು ಗೋಲಿನ ಆಟ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಂಗಳದ ಎರಡೂ ತುದಿಯ ಗೆರೆಯ ಮೇಲೆ ಎರಡೆರಡು ಚಿಕ್ಕ ಗೋಲು ಇಡಿ, ಮೂಲೆಗೆ ಹತ್ತಿರ. ಒಂದೊಂದೂ ಎರಡು ದಾಪುಗಾಲು ಅಗಲ. ಗೋಲ್‌ಕೀಪರ್ ಇಲ್ಲ. ಪ್ರತಿ ತಂಡ ಎರಡು ಗೋಲು ಕಾಯಬೇಕು, ಎದುರಿನ ಎರಡರಲ್ಲಿ ಯಾವುದಕ್ಕೆ ಬೇಕಾದರೂ ಹೊಡೆಯಬಹುದು. ಮೊದಲ ಎರಡು ನಿಮಿಷ ಎಲ್ಲರೂ ಹಳೇ ಅಭ್ಯಾಸದಂತೆ ಎದುರಿಗಿರುವ ಗೋಲಿಗೇ ನುಗ್ಗುತ್ತಾರೆ. ಎಂಟೂ ಜನ ಒಂದೇ ಮೂಲೆಯಲ್ಲಿ, ಬೆಲ್ಲಕ್ಕೆ ಮುತ್ತಿದ ಇರುವೆಯಂತೆ. ನೀವು ಏನೂ ಹೇಳಬೇಡಿ.

ಹೋದ ವಾರ ಒಬ್ಬಳು ಹುಡುಗಿ ಹೀಗೇ ಎಡ ಮೂಲೆಯಲ್ಲಿ ಸಿಕ್ಕಿಕೊಂಡಳು. ಎದುರಿಗೆ ಮೂವರು. ಮೂರು ಸಲ ನುಗ್ಗಿ ಚೆಂಡು ಕಳೆದುಕೊಂಡಿದ್ದಳು. ನಾಲ್ಕನೇ ಸಲ ಚೆಂಡಿನ ಮೇಲೆ ಪಾದ ಇಟ್ಟು ನಿಂತಳು. ತಲೆ ಎತ್ತಿದಳು. ಕತ್ತು ಬಲಕ್ಕೆ ತಿರುಗಿತು. ಅಲ್ಲಿ ಬಲ ಮೂಲೆಯ ಗೋಲು ಖಾಲಿ ಬಿದ್ದಿತ್ತು, ಅದರ ಮುಂದೆ ಅವಳ ತಂಡದ ಹುಡುಗ ಎರಡೂ ಕೈ ಎತ್ತಿ ನಿಂತಿದ್ದ. ಪಾದದ ಒಳಬದಿಯಿಂದ ಒಂದು ಉದ್ದ ಪಾಸ್. ಗೋಲು. ಆ ಕತ್ತು ತಿರುಗಿದ ಗಳಿಗೆಯೇ ಪಾಠ ಒಳಗೆ ಇಳಿದ ಗಳಿಗೆ. ಮುಂದಿನ ಸುತ್ತಿನಿಂದ ಅವಳು ಚೆಂಡು ಬರುವ ಮೊದಲೇ ಬಲಕ್ಕೊಮ್ಮೆ ನೋಡಲು ಶುರು ಮಾಡಿದಳು. "ಬದಿ ಬದಲಿಸು" ಎಂದು ನಾನು ಆ ಸಂಜೆ ಒಮ್ಮೆಯೂ ಹೇಳಿರಲಿಲ್ಲ.

ಬೇರೆ ಪಾಠಗಳಿಗೆ ಬೇರೆ ನಿಯಮ. ಚೆಂಡು ಕಳೆದುಕೊಂಡ ಕೂಡಲೇ ಕಸಿಯುವುದನ್ನು ಕಲಿಸಬೇಕೇ? ಐದು ಎಣಿಸುವುದರೊಳಗೆ ವಾಪಸು ಕಸಿದು ಗೋಲು ಹೊಡೆದರೆ ಎರಡು ಗೋಲು ಎನ್ನಿ. ತಂಡ ಒಟ್ಟಾಗಿ ಮೇಲಕ್ಕೆ ಹೋಗಬೇಕೇ? ಗೋಲು ಹೊಡೆಯುವ ಹೊತ್ತಿಗೆ ನಾಲ್ವರೂ ನಡುಗೆರೆ ದಾಟಿದ್ದರೆ ಮಾತ್ರ ಗೋಲು. ಒಬ್ಬನೇ ಎದುರಾಳಿಯನ್ನು ದಾಟುವ ಧೈರ್ಯ ಬರಬೇಕೇ? ಗೋಲೇ ಬೇಡ, ತುದಿಯ ಗೆರೆಯನ್ನು ಚೆಂಡಿನ ಸಮೇತ ದಾಟಿದರೆ ಒಂದು ಅಂಕ ಎನ್ನಿ. ಹೊಡೆತ ಕಲಿಸುವ ದಿನ ಅಂಗಳ ಚಿಕ್ಕದು ಮಾಡಿ, ಗೋಲು ದೊಡ್ಡದು ಮಾಡಿ, ಗೋಲ್‌ಕೀಪರ್ ನಿಲ್ಲಿಸಿ.

"ಎರಡೇ ಟಚ್", ಅಂದರೆ ಚೆಂಡನ್ನು ಎರಡೇ ಸಲ ಮುಟ್ಟಿ ಬಿಟ್ಟುಕೊಡಬೇಕು ಎಂಬ ನಿಯಮವನ್ನು ಎಲ್ಲರೂ ಬಳಸುತ್ತಾರೆ. ನಾನು ಹತ್ತು-ಹನ್ನೊಂದರೊಳಗಿನ ಮಕ್ಕಳಿಗೆ ಅದನ್ನು ಹಾಕುವುದಿಲ್ಲ. ಆ ವಯಸ್ಸಿನಲ್ಲಿ ಚೆಂಡಿನ ಜೊತೆ ಓಡುವ, ದಾಟುವ, ಬೀಳುವ ಆಸೆ ಇರುತ್ತದೆ. ಅದನ್ನು ಕತ್ತರಿಸಿದರೆ ಮುಂದೆ ಆ ಧೈರ್ಯ ತರಿಸುವುದು ಕಷ್ಟ. ಹದಿಮೂರು ದಾಟಿದವರಿಗೆ ಒಂದೆರಡು ಸುತ್ತು ಸರಿ.

ಎರಡು ನಿಯಮ ಒಟ್ಟಿಗೆ ಹಾಕಿದರೆ ಮಕ್ಕಳು ಆಟ ಬಿಟ್ಟು ನಿಯಮ ನೆನಪಿಸಿಕೊಳ್ಳುತ್ತಾ ನಿಲ್ಲುತ್ತಾರೆ. ಒಂದೇ ಸಾಕು.

ಎಷ್ಟು ಹೊತ್ತು?

ಹತ್ತು ದಾಟಿದ ಮಕ್ಕಳಿಗೆ 4 ನಿಮಿಷ ಆಟ, 2 ನಿಮಿಷ ವಿಶ್ರಾಂತಿ, ಹೀಗೆ ನಾಲ್ಕೈದು ಸುತ್ತು. ಚಿಕ್ಕವರಿಗೆ 3 ನಿಮಿಷ ಸಾಕು. "ಇಷ್ಟೇನಾ?" ಅನಿಸಬಹುದು. 4-4ರಲ್ಲಿ ನಿಲ್ಲಲು ಜಾಗವಿಲ್ಲ, ಅಲ್ವಾ? ನೀವೇ ಒಂದು ಸುತ್ತು ಆಡಿ ನೋಡಿ, ಗೊತ್ತಾಗುತ್ತದೆ.

ಚೆಂಡು ಹೊರಗೆ ಹೋದಾಗ ಆಟ ನಿಲ್ಲಬಾರದು. ಇದು ಬಹಳ ಮುಖ್ಯ. ಇರುವ ಚೆಂಡುಗಳನ್ನೆಲ್ಲ ಅಂಗಳದ ಸುತ್ತ ಇಡಿ. ಹತ್ತಿರ ಇರುವವನು ಹತ್ತಿರದ ಚೆಂಡು ತೆಗೆದು ಕಾಲಿನಿಂದಲೇ ಒಳಗೆ ತರಲಿ. ಹೊರಗೆ ಹೋದ ಚೆಂಡನ್ನು ವಿಶ್ರಾಂತಿಯಲ್ಲಿ ಹೆಕ್ಕಿದರಾಯಿತು. ಎರಡೇ ಚೆಂಡು ಇದ್ದರೂ ಒಂದು ನಿಮ್ಮ ಕಾಲ ಬಳಿ ಇರಲಿ.

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆ ಏನೆಂದು ಹೇಳಬೇಕಿಲ್ಲ. ಗಾಳಿಯಲ್ಲೇ ನೀರಿನ ಪಸೆ, ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ. ಐದು ಗಂಟೆಗೆ ಮೊದಲು ಶುರು ಮಾಡಬೇಡಿ. ಸುತ್ತು 3 ನಿಮಿಷಕ್ಕೆ ಇಳಿಸಿ, ಪ್ರತಿ ವಿಶ್ರಾಂತಿಯಲ್ಲೂ ನೀರು ಕೊಡಿ. ಬಾಯಾರಿಕೆ ಇಲ್ಲ ಎಂದವನಿಗೂ ಕೊಡಿ. ತಲೆ ಸುತ್ತುತ್ತದೆ, ವಾಂತಿ ಬರುತ್ತದೆ ಎಂದ ಮಗುವನ್ನು ಆ ಕ್ಷಣವೇ ನೆರಳಿಗೆ ಕೂರಿಸಿ, ನೀರು ಹಾಕಿ ಮೈ ತಣಿಸಿ. ಆ ದಿನ ಮತ್ತೆ ಆಡಿಸುವುದು ಬೇಡ.

ಕೋಚ್ ಎಲ್ಲಿ ನಿಲ್ಲಬೇಕು, ಎಷ್ಟು ಮಾತಾಡಬೇಕು

ನನಗೆ ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಇದು. "ಏ ತಮಾ, ಆ ಕಡೆ ಕೊಡು! ಹಿಂದೆ ನೋಡು! ಹೊಡಿ!" ಎಂದು ಇಡೀ ಸಂಜೆ ಕೂಗುತ್ತಿದ್ದೆ. ಮನೆಗೆ ಹೋಗುವಾಗ ಗಂಟಲು ಕಟ್ಟಿರುತ್ತಿತ್ತು. ಮಕ್ಕಳು ಚೆಂಡು ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ನಿರ್ಧಾರ ನನ್ನದಾಗಿತ್ತು, ಕಾಲು ಮಾತ್ರ ಅವರದು.

ಹುರಿದುಂಬಿಸುವುದು ಬೇರೆ, ದಾರಿ ಹೇಳುವುದು ಬೇರೆ. "ಶಭಾಷ್! ಬಿಡಬೇಡ, ಮತ್ತೆ ಹೋಗು!" ಎಂದರೆ ಆಟದ ಬಿಸಿ ಏರುತ್ತದೆ. ಬದಿಯಿಂದ ಹುರುಪು ತುಂಬಿದರೆ ಮಕ್ಕಳು ಜಾಸ್ತಿ ಓಡುತ್ತಾರೆ ಎಂಬುದು ಅಳೆದು ನೋಡಿದವರ ಮಾತೂ ಹೌದು. ಅದನ್ನು ಧಾರಾಳವಾಗಿ ಮಾಡಿ. ಆದರೆ ಚೆಂಡು ಕಾಲಲ್ಲಿರುವ ಮಗುವಿಗೆ ಯಾರಿಗೆ ಕೊಡಬೇಕೆಂದು ಹೇಳಬೇಡಿ.

ಒಂದು ಸುತ್ತಿನಲ್ಲಿ ಹೆಚ್ಚೆಂದರೆ ಒಮ್ಮೆ ಪೀಪಿ ಊದಿ ಆಟ ನಿಲ್ಲಿಸಿ. ಎಲ್ಲರೂ ಇದ್ದಲ್ಲೇ ನಿಲ್ಲಲಿ. ಒಂದೇ ಪ್ರಶ್ನೆ ಕೇಳಿ: "ಈಗ ಖಾಲಿ ಜಾಗ ಎಲ್ಲಿದೆ?" ಯಾರಾದರೂ ಬೆರಳು ತೋರಿಸುತ್ತಾರೆ. "ಸರಿ, ಆಡಿ." ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಬೇಕು. ವಿಶ್ರಾಂತಿಯಲ್ಲಿ ತಂಡಕ್ಕೆ ಇನ್ನೊಂದು ಪ್ರಶ್ನೆ: "ಅವರು ಯಾಕೆ ಗೋಲು ಹೊಡೀತಾ ಇದಾರೆ?" ಮಕ್ಕಳು ತಮ್ಮತಮ್ಮಲ್ಲೇ ಚರ್ಚೆ ಶುರು ಮಾಡುತ್ತಾರೆ. ಆಗ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಎರಡು-ಮೂರು ಅಂಗಳ ಒಟ್ಟಿಗೆ ನಡೆಯುವಾಗ ನಡುವೆ ನಿಲ್ಲಬೇಡಿ, ಬೆನ್ನ ಹಿಂದೆ ಏನಾಗುತ್ತಿದೆ ಗೊತ್ತಾಗುವುದಿಲ್ಲ. ಎಲ್ಲವೂ ಕಾಣುವ ಮೂಲೆಯಲ್ಲಿ ನಿಂತುಕೊಳ್ಳಿ.

ಒಂದು ತಂಡ 5-0 ಮುಂದಿದ್ದರೆ ಆಟ ಸತ್ತಿದೆ. ಸುತ್ತು ಮುಗಿಯಲು ಕಾಯದೆ ಏನಾದರೂ ಬದಲಿಸಿ. ಸೋಲುತ್ತಿರುವವರಿಗೆ ಜೋಕರ್ ಕೊಡಿ, ಅಥವಾ ಗೆಲ್ಲುತ್ತಿರುವವರು ಕಾಯುವ ಗೋಲು ಅಗಲ ಮಾಡಿ. ಆಟ ಬಿಗಿಯಾಗಿರುವಾಗ ಮಾತ್ರ ಮಕ್ಕಳು ಕಲಿಯುತ್ತಾರೆ.

ದಂಡೆ, ಮಳೆ, ಇಳಿಜಾರು

ಕಾರವಾರದಲ್ಲಿ ಮಾಲಾದೇವಿ ಮೈದಾನ ಬಿಟ್ಟರೆ ನಮಗೆ ದೊಡ್ಡ ಆಸ್ತಿ ರವೀಂದ್ರನಾಥ ಟ್ಯಾಗೋರ್ ಕಡಲತೀರ. ನೀರು ಇಳಿದಾಗ ಸಿಗುವ ಒದ್ದೆ, ಗಟ್ಟಿ ಮರಳಿನಲ್ಲಿ ಚೆಂಡು ಚೆನ್ನಾಗಿ ಉರುಳುತ್ತದೆ. ಮೇಲಿನ ಒಣ ಮರಳಿನಲ್ಲಿ ಉರುಳುವುದೇ ಇಲ್ಲ, ಅಲ್ಲಿ ಪಾಸ್ ಪಾಠ ಇಟ್ಟರೆ ಮಕ್ಕಳಿಗೆ ಬೇಸರ ಬಂದುಬಿಡುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು 4 ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ ನಾಡಿದ್ದು 5:40ರ ಹೊತ್ತಿಗೆ. ಅಂದಾಜು ಸಿಗದಿದ್ದರೆ ಬಲೆ ಎಳೆಯುವವರನ್ನು ಕೇಳಿ, ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಅಂಗಳದ ಉದ್ದ ಬದಿ ನೀರಿಗೆ ಸಮಾನಾಂತರ ಇರಲಿ, ಆಗ ಇಳಿಜಾರು ಎರಡೂ ತಂಡಕ್ಕೆ ಒಂದೇ. ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ಅಂಗಳದ ಮೇಲೆ ನಡೆದು ಗಾಜು, ಚಿಪ್ಪು, ಗಾಳದ ಕೊಕ್ಕೆ ಹೆಕ್ಕಬೇಕು. ಬರಿಗಾಲಿನ ಆಟ ಅದು. ಚೆಂಡು ನೀರಿಗೆ ಹೋದರೆ ತರಲು ಹೋಗುವವರು ದೊಡ್ಡವರು ಮಾತ್ರ. ಇದಕ್ಕೆ ವಿನಾಯಿತಿ ಇಲ್ಲ. ಮಳೆಗಾಲದ ಕಡಲ ಬಳಿ ಅಭ್ಯಾಸವೇ ಬೇಡ.

ಜೂನ್ ಬಂದರೆ ಮೈದಾನ ಕೆರೆ. ಆಗ ಸಣ್ಣ ಆಟ ನಿಜವಾಗಿ ಕೈ ಹಿಡಿಯುತ್ತದೆ. ಶಾಲೆಯ ಸಭಾಭವನವೋ ಶೀಟು ಹಾಕಿದ ಅಂಗಳವೋ ಸಿಕ್ಕರೆ 3-3 ಆಡಿಸಬಹುದು. ಚೆಂಡಿನ ಗಾಳಿ ಸ್ವಲ್ಪ ಇಳಿಸಿದರೆ ಪುಟಿಯುವುದು ಕಡಿಮೆ, ಕಿಟಕಿಯೂ ಉಳಿಯುತ್ತದೆ. ಒದ್ದೆ ಟೈಲ್ಸ್ ಮೇಲೆ ಮಾತ್ರ ಬೇಡ. ಬಯಲಲ್ಲಿ ಸಾದಾ ಮಳೆಯಲ್ಲಿ ಆಡಲಿ, ಅದರ ಖುಷಿಯೇ ಬೇರೆ. ಗುಡುಗು ಕೇಳಿತೋ, ಎಲ್ಲರೂ ಒಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು.

ಶಿರಸಿ, ಸಿದ್ದಾಪುರ ಕಡೆ ಸಮತಟ್ಟು ಜಾಗ ಸಿಗುವುದೇ ಕಷ್ಟ, ಕೆಂಪು ಮಣ್ಣಿನ ಇಳಿಜಾರೇ ಜಾಸ್ತಿ. ಪ್ರತಿ ಸುತ್ತಿಗೂ ಬದಿ ಬದಲಿಸಿ. ಇಳಿಜಾರಿನಲ್ಲಿ ಮೇಲ್ಮುಖವಾಗಿ ಆಡುವ ತಂಡಕ್ಕೆ ಜೋಕರ್ ಕೊಟ್ಟರೆ ಲೆಕ್ಕ ಸಮ ಆಗುತ್ತದೆ.

ಒಂದು ಸಂಜೆಯ ಮಾದರಿ

16 ಮಕ್ಕಳು, 75 ನಿಮಿಷ, ಪಾಠ "ಬದಿ ಬದಲಿಸುವುದು" ಎಂದಿಟ್ಟುಕೊಳ್ಳಿ. ಮೊದಲ 15 ನಿಮಿಷ ಮೈ ಬಿಸಿ ಮಾಡುವುದು. ಇದನ್ನು ತಪ್ಪಿಸಬೇಡಿ. ಚಿಕ್ಕ ಅಂಗಳದಲ್ಲಿ ಥಟ್ಟನೆ ನಿಲ್ಲುವುದು, ತಿರುಗುವುದು ಬಹಳ. ಮಂಡಿಗೂ ಪಾದದ ಗಂಟಿಗೂ ಅದರ ಭಾರ ಬೀಳುತ್ತದೆ. ದೊಡ್ಡ ಮಕ್ಕಳಿಗೆ ಫಿಫಾ 11+ ಎಂಬ ವ್ಯಾಯಾಮದ ಕ್ರಮ ಇದೆ, ವಾರಕ್ಕೆ ಎರಡು ಸಲವಾದರೂ ಮಾಡಿದರೆ ಗಾಯ ಕಡಿಮೆಯಾಗುವುದು ಸಾಬೀತಾಗಿದೆ. ಆಮೇಲೆ 10 ನಿಮಿಷ, ಐವರು ಸುತ್ತ ನಿಂತು ಪಾಸ್ ಮಾಡುವುದು, ನಡುವಿನ ಮೂವರು ಕಸಿಯುವುದು. ಎಂಟೆಂಟು ಜನರ ಎರಡು ಗುಂಪು.

ನಂತರ ನಾಲ್ಕು ಗೋಲಿನ 4-4, ಎರಡು ಅಂಗಳ, ಅಗಲ 30, ಉದ್ದ 25. ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುನಡುವೆ ಎರಡೆರಡು ನಿಮಿಷ ನೀರು. ಪ್ರತಿ ಸುತ್ತಿಗೂ ಎದುರಾಳಿ ಬದಲಾಗಲಿ. ಇದಕ್ಕೆ 25 ನಿಮಿಷ ಬೇಕು. ಕೊನೆಗೆ ಎರಡು ಅಂಗಳ ಸೇರಿಸಿ, ಎರಡೂ ತುದಿಗೆ ಒಂದೊಂದು ದೊಡ್ಡ ಗೋಲು, ಗೋಲ್‌ಕೀಪರ್ ಸಮೇತ 8-8. ಇಲ್ಲಿ ಯಾವ ನಿಯಮವೂ ಇಲ್ಲ. 20 ನಿಮಿಷ. ಕಲಿತದ್ದು ದೊಡ್ಡ ಆಟದಲ್ಲಿ ಕಾಣುತ್ತದೋ ಇಲ್ಲವೋ ಇಲ್ಲೇ ಗೊತ್ತಾಗುವುದು. ಉಳಿದ ಐದು ನಿಮಿಷ ಸಾಮಾನು ಎತ್ತುವುದಕ್ಕೆ.

ಸಣ್ಣ ಆಟದಿಂದ ಎಲ್ಲವೂ ಬರುವುದಿಲ್ಲ. ಆಫ್‌ಸೈಡ್ ಗೆರೆ ಹಿಡಿಯುವುದು, ಕಾರ್ನರ್ ಕಾಯುವುದು, 40 ಮೀಟರ್ ಪಾಸ್, ಆಗಲೇ ಹೇಳಿದ ಪೂರ್ತಿ ವೇಗದ ಓಟ, ಇವಕ್ಕೆ ದೊಡ್ಡ ಅಂಗಳವೇ ಬೇಕು. ಪಂದ್ಯಾವಳಿ ಹತ್ತಿರ ಬಂದಾಗ ವಾರಕ್ಕೊಮ್ಮೆಯಾದರೂ ಅದಕ್ಕೆ ಹೊತ್ತು ಇಡಿ. ಗೋಲ್‌ಕೀಪರ್ ಮಕ್ಕಳೂ ಈ ಆಟಗಳಲ್ಲಿ ಮೂಲೆಗುಂಪಾಗುತ್ತಾರೆ. ಅವರನ್ನೂ ಒಂದೆರಡು ಸುತ್ತು ಆಟಗಾರರಾಗಿ ಇಳಿಸಿ, ಇನ್ನೊಂದೆರಡು ಸುತ್ತು ಬದಿಯಲ್ಲಿ ಕ್ಯಾಚು, ಡೈವ್ ಮಾಡಿಸಿ.

ಮನೆಗೆ ಹೋದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಅಂಗಳ ಎಷ್ಟಿತ್ತು, ನಿಯಮ ಏನಿತ್ತು, ಏನಾಯಿತು. ಮೂರು ತಿಂಗಳಲ್ಲಿ ಆ ನೋಟ್‌ಬುಕ್ಕೇ ನಿಮ್ಮ ಊರಿಗೆ, ನಿಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ಪುಸ್ತಕ ಆಗಿರುತ್ತದೆ. ಆಗಾಗ ಹುಣಸೆ ಬೀಜವನ್ನೂ ಜೇಬಿಗೆ ಹಾಕಿಕೊಳ್ಳಿ, ಪ್ರತಿ ಸಲ ಬೇರೆ ಮಗುವಿನ ಲೆಕ್ಕ ಇಡಿ.

ನಮ್ಮಲ್ಲಿ ದೇವಗಡ ದ್ವೀಪದ ಲೈಟ್‌ಹೌಸ್ ದೀಪ ಕಂಡಿತೆಂದರೆ ಆಟ ಮುಗಿಯಿತು. ಕೋನ್ ಎಣಿಸಿ ಚೀಲಕ್ಕೆ ತುಂಬುವ ಕೆಲಸ ಆ ವಿಂಗ್ ಹುಡುಗನದು. ಈಗ ಅವನಿಗೆ ಹದಿಮೂರು. ಕೋನ್ 24 ಇರಬೇಕು. ಒಂದು ಕಡಿಮೆಯಾದರೂ ಎಲ್ಲರನ್ನೂ ಮರಳಿಗೆ ಇಳಿಸಿ ಹುಡುಕಿಸುತ್ತಾನೆ.